ಸ್ಟೀರಿಂಗ್ ನಡುಗಿದ್ರೆ ಮೊದಲು ಪ್ರಶ್ನೆ ಕೇಳೋಣ

ಕಳೆದ ರಜೆಯಲ್ಲಿ ಗೆಳೆಯನ ಅಪ್ಪನ ಹಳೇ ಕಾರಲ್ಲಿ ತುಮಕೂರು ಹೈವೇಗೆ ಹೋಗಿದ್ವಿ. ಸ್ಪೀಡು 80 ದಾಟಿದ ಕೂಡಲೇ ಸ್ಟೀರಿಂಗ್ ನಡುಗೋಕೆ ಶುರು. 60ಕ್ಕೆ ಇಳಿಸಿದ್ರೆ ಮಾಯ! ಗ್ಯಾರೇಜಿನವರು ಸಸ್ಪೆನ್ಷನ್ ಹೋಗಿದೆ ಅಂದ್ರು. "ಎಂಜಿನಿಯರಿಂಗ್ ಓದ್ತಿದ್ದೀರಲ್ಲ, ಏನಂತೀರಾ?" ಅಂತ ಅಂಕಲ್ ನಮ್ಮನ್ನೇ ಕೇಳಿದ್ರು. ನಾವು ಮುಖ ಮುಖ ನೋಡ್ಕೊಂಡ್ವಿ. ಪಾರ್ಟು ಬದಲಾಯ್ತು, ದುಡ್ಡು ಹೋಯ್ತು, ನಡುಕ ಮಾತ್ರ ಹಾಗೇ ಇತ್ತು.

ಕೊನೆಗೆ ಟೈರ್ ಅಂಗಡಿ ಅಣ್ಣ ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಸ್ಪೀಡಲ್ಲಿ? ಬ್ರೇಕ್ ಒತ್ತಿದಾಗ ಮಾತ್ರಾನಾ? ನಡುಗೋದು ಸ್ಟೀರಿಂಗೋ, ಸೀಟೋ? ಬ್ರೇಕ್ ಒತ್ತಿದಾಗ ಮಾತ್ರ ಆದರೆ ಡಿಸ್ಕ್ ಮೇಲೆ ಅನುಮಾನ. ಸೀಟು ನಡುಗಿದರೆ ಹೆಚ್ಚಾಗಿ ಹಿಂದಿನ ಚಕ್ರ, ಸ್ಟೀರಿಂಗ್ ಆದರೆ ಮುಂದಿನದು. ನೋಡಿದರೆ ಮುಂದಿನ ರಿಮ್ಮಿಗೆ ಅಂಟಿಸಿದ್ದ ಬ್ಯಾಲೆನ್ಸಿಂಗ್ ತೂಕ ಉದುರಿಹೋಗಿತ್ತು. ಹೊಸದು ಹಾಕಿದ್ರು, ನಡುಕ ನಿಂತಿತು.

ವೇಗದ ವರ್ಗಕ್ಕೆ ತಕ್ಕಂತೆ ಈ ಬಲ ಏರುತ್ತೆ ಅಂತ ಪಿಯುಸಿಯಲ್ಲೇ ಬರೆದು ಮಾರ್ಕ್ಸ್ ತಗೊಂಡವರು ನಾವು. ವೇಗ 60ರಿಂದ 90ಕ್ಕೆ ಹೋದರೆ ಬಲ 2.25 ಪಟ್ಟು. ಕೆಲವೇ ಗ್ರಾಂ ವ್ಯತ್ಯಾಸ ಹೈವೇಯಲ್ಲಿ ಕೈ ನಡುಗಿಸೋದು ಅದಕ್ಕೇ. ಸೂತ್ರ ಗೊತ್ತಿತ್ತು, ಕಾರಲ್ಲಿ ಕೂತಾಗ ನೆನಪಾಗಲಿಲ್ಲ.

ನಮ್ಮ ಲ್ಯಾಬಲ್ಲಿ ಎಲ್ಲ ಮೆಷೀನೂ ಸರಿಯಾಗೇ ಇರುತ್ತೆ, ರೀಡಿಂಗ್ ಬರೆದು ಬರ್ತೀವಿ. ಸೆಮಿಸ್ಟರಿಗೆ ಒಂದಾದರೂ ಕೆಟ್ಟ ಮೆಷೀನ್ ಕೊಡಿ ಸರ್. ಬಿಚ್ಚೋ ಮೊದಲು ಪ್ರಶ್ನೆ ಕೇಳೋದನ್ನ ನಾವೂ ಕಲಿಯೋಣ.