ಮುಖ ನೋಡಿದರೆ ಮನಸ್ಸು ತಿಳಿಯುತ್ತದೆಯೇ? ಸಮಾಜಕಾರ್ಯದ ತರಗತಿಯಲ್ಲಿ ಕಲಿಸುವುದೇ ಬೇರೆ

"ಕೈಕಟ್ಟಿ ಕೂತವರು ಏನೋ ಮುಚ್ಚಿಡುತ್ತಿದ್ದಾರೆ. ಕಣ್ಣು ತಪ್ಪಿಸಿದರೆ ಸುಳ್ಳು ಹೇಳುತ್ತಿದ್ದಾರೆ. ನಮ್ಮ ಸಂವಹನದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಉಳಿದ ಶೇ. 93 ದೇಹಭಾಷೆ!"

ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಓದಿ ನಕ್ಕು ಸುಮ್ಮನಾದರೆ ತೊಂದರೆಯಿಲ್ಲ. ಆದರೆ ಎದುರು ಕೂತವರನ್ನು ಅರ್ಥ ಮಾಡಿಕೊಳ್ಳುವುದೇ ಕೆಲಸವಾಗಿರುವ ಜನ ಇದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಯ ಮನೆಯ ಪರಿಸ್ಥಿತಿ ವಿಚಾರಿಸುವ ಸಮಾಜ ಕಾರ್ಯಕರ್ತೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಮಗುವಿನ ಬಗ್ಗೆ ವರದಿ ಬರೆಯುವವರು, ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕರು ಇಂಥವರು. ಅವರು ಈ ಫಾರ್ವರ್ಡ್ ನಂಬಿ ಕೆಲಸ ಮಾಡಿದರೆ ಯಾರದೋ ಬದುಕಿನ ದಾರಿಯೇ ತಪ್ಪುತ್ತದೆ. ಹಾಗಾದರೆ ಅವರು ನಿಜಕ್ಕೂ ಏನು ಕಲಿಯುತ್ತಾರೆ? ಅದರಲ್ಲಿ ನಮ್ಮ ಮನೆಗೆ ಉಪಯೋಗವಾಗುವುದು ಏನಿದೆ?

ತಪ್ಪು ಕಲ್ಪನೆ 1: "ಒಳ್ಳೆ ಮನಸ್ಸಿದ್ದರೆ ಸಾಕು, ಅದಕ್ಕೆ ಓದು ಯಾಕೆ?"

ಸಮಾಜಸೇವೆ ಮತ್ತು ಸಮಾಜಕಾರ್ಯ ಒಂದೇ ಅಲ್ಲ. ಅನ್ನದಾನ, ರಕ್ತದಾನ ಶಿಬಿರ, ಪುಸ್ತಕ ಹಂಚುವುದು ಸೇವೆ. ಅದಕ್ಕೆ ಒಳ್ಳೆ ಮನಸ್ಸು ಸಾಕು. ಸಮಾಜಕಾರ್ಯ ಒಂದು ವೃತ್ತಿ, ಅದಕ್ಕೆ ತರಬೇತಿ ಬೇಕು. ಅಮೆರಿಕದ ಮೇರಿ ರಿಚ್ಮಂಡ್ 1917ರಲ್ಲಿ 'ಸೋಷಿಯಲ್ ಡಯಾಗ್ನೋಸಿಸ್' ಎಂಬ ಪುಸ್ತಕ ಬರೆದರು. ನೆರವು ಕೊಡುವ ಮೊದಲು ಆ ವ್ಯಕ್ತಿಯ ಪರಿಸ್ಥಿತಿಯನ್ನು ವಿಚಾರಿಸಿ, ಸಾಕ್ಷ್ಯ ಕೂಡಿಸಿ, ಅಳೆದು ತಿಳಿಯಬೇಕು ಎಂಬುದನ್ನು ಒಂದು ಕ್ರಮವಾಗಿ ರೂಪಿಸಿದ ಪುಸ್ತಕ ಅದು. ಭಾರತದಲ್ಲಿ ಈ ಶಿಕ್ಷಣ 1936ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಆ ಶಾಲೆಯೇ ಇಂದಿನ ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆ. ನಮ್ಮ ರಾಜ್ಯದಲ್ಲೂ ಹಲವು ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಎಂಎಸ್‌ಡಬ್ಲ್ಯು ಕೋರ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕ್ಕೇ ಒಂದು ಪ್ರತ್ಯೇಕ ವಿಭಾಗವಿದೆ.

ಒಳ್ಳೆ ಮನಸ್ಸು ಬೇಕೇ ಬೇಕು. ಆದರೆ ಒಳ್ಳೆ ಮನಸ್ಸಿನವರೇ ಹೆಚ್ಚಾಗಿ ಮಾಡುವ ತಪ್ಪೊಂದಿದೆ: ಪೂರ್ತಿ ಕೇಳುವ ಮೊದಲೇ ಬುದ್ಧಿ ಹೇಳುವುದು. ತರಬೇತಿಯಲ್ಲಿ ಮೊದಲು ಬಿಡಿಸುವುದು ಈ ಚಟವನ್ನೇ.

ತಪ್ಪು ಕಲ್ಪನೆ 2: "ಸಂವಹನದಲ್ಲಿ ಶೇ. 93 ದೇಹಭಾಷೆ"

ಈ ಸಂಖ್ಯೆ ಹುಟ್ಟಿದ್ದು 1967ರಲ್ಲಿ. ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರು ಸಹೋದ್ಯೋಗಿಗಳ ಜೊತೆ ಎರಡು ಚಿಕ್ಕ ಪ್ರಯೋಗ ಮಾಡಿದರು. ಧ್ವನಿಮುದ್ರಿಸಿದ ಬಿಡಿ ಪದಗಳನ್ನು ಬೇರೆ ಬೇರೆ ಧಾಟಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಮಾತಾಡಿದವರಿಗೆ ಇಷ್ಟವಿದೆಯೋ ಇಲ್ಲವೋ ಎಂದು ಊಹಿಸಲು ಹೇಳಿದರು. ಎರಡರ ಫಲಿತಾಂಶ ಕೂಡಿಸಿ ಬಂದ ಲೆಕ್ಕ: ಪದ ಶೇ. 7, ಧ್ವನಿ ಶೇ. 38, ಮುಖ ಶೇ. 55.

ಅಲ್ಲಿ ಇದ್ದದ್ದು ಬಿಡಿ ಪದಗಳು, ಸಂಭಾಷಣೆ ಅಲ್ಲ. ಈ ಲೆಕ್ಕ ಭಾವನೆ ಮತ್ತು ಒಲವಿನ ಬಗ್ಗೆ ಮಾತಾಡುವಾಗ ಮಾತ್ರ ಅನ್ವಯಿಸುತ್ತದೆ ಎಂದು ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ. ನೀವೇ ಪರೀಕ್ಷೆ ಮಾಡಿ. ನಿಮಗೆ ಒಂದಕ್ಷರವೂ ಬಾರದ ಭಾಷೆಯ ಸುದ್ದಿ ವಾಹಿನಿಯನ್ನು ಹತ್ತು ನಿಮಿಷ ನೋಡಿ. ಪದಗಳ ಪಾಲು ಶೇ. 7 ಮಾತ್ರ ಆಗಿದ್ದರೆ ಸುದ್ದಿಯ ಬಹುಪಾಲು ನಿಮಗೆ ಅರ್ಥವಾಗಬೇಕಿತ್ತು!

ತಪ್ಪು ಕಲ್ಪನೆ 3: "ಅನುಭವಸ್ಥರಿಗೆ ಸುಳ್ಳು ಹೇಳುವವರು ತಕ್ಷಣ ಗೊತ್ತಾಗುತ್ತಾರೆ"

ಸುಳ್ಳು ಪತ್ತೆ ಮಾಡುವ ಮನುಷ್ಯರ ಸಾಮರ್ಥ್ಯದ ಬಗ್ಗೆ ನಡೆದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ವಿಶ್ಲೇಷಿಸಿದರು. 24 ಸಾವಿರಕ್ಕೂ ಹೆಚ್ಚು ಜನ ಕೊಟ್ಟ ತೀರ್ಪುಗಳ ಲೆಕ್ಕ ಅದು. ಸರಿಯಾದ ಉತ್ತರ ಬಂದದ್ದು ಸರಾಸರಿ ಶೇ. 54ರಷ್ಟು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಶೇ. 50 ಬರುತ್ತದೆ. ಪೊಲೀಸರಂಥ ಅನುಭವಿ ವೃತ್ತಿಯವರು ಸಾಮಾನ್ಯರಿಗಿಂತ ಮೇಲು ಎಂದೂ ಅದರಲ್ಲಿ ಕಂಡುಬರಲಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ವಿಷಯವೂ ಇದೆ. ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಮರ್ಯಾದೆ ಎಂದು ಕಲಿತು ಬೆಳೆದ ಮಕ್ಕಳು ಎಷ್ಟೋ ಜನ. ಅಂಥ ಹುಡುಗಿ ಕಚೇರಿಯಲ್ಲಿ ನೆಲ ನೋಡುತ್ತಾ ಉತ್ತರಿಸಿದರೆ ಅದು ಸುಳ್ಳಿನ ಗುರುತಲ್ಲ. ಭಯ ಇರಬಹುದು, ನಾಚಿಕೆ ಇರಬಹುದು, ಬರೀ ಅಭ್ಯಾಸ ಇರಬಹುದು.

ಹಾಗೆಂದು ಮುಖಭಾವವನ್ನು ಗಮನಿಸಲೇಬಾರದು ಎಂದಲ್ಲ. ಗಮನಿಸಬೇಕು. ಆದರೆ ಕಂಡದ್ದನ್ನು ತೀರ್ಪು ಮಾಡಿಕೊಳ್ಳಬಾರದು, ಅದರಿಂದ ಒಂದು ಪ್ರಶ್ನೆ ಹುಟ್ಟಬೇಕು. "ಅಪ್ಪನ ವಿಷಯ ಬಂದಾಗ ನೀನು ಸುಮ್ಮನಾದೆ ಅನ್ನಿಸ್ತು. ಹೇಳೋಕೆ ಕಷ್ಟ ಆಗ್ತಿದೆಯಾ ಪುಟ್ಟಿ?" ಎಂದು ಕೇಳಬಹುದು. ಉತ್ತರ ಕೊಡುವ ಹಕ್ಕು ಆ ಮಗುವಿನದು.

ಹಾಗಾದರೆ ಕೇಳುವುದು ಹೇಗೆ?

ಒಂದು ಸಂದರ್ಭ ಊಹಿಸಿಕೊಳ್ಳಿ. ಕ್ಷಯರೋಗದ ಚಿಕಿತ್ಸೆಯಲ್ಲಿರುವ ಗಾರೆ ಕೆಲಸದವರೊಬ್ಬರು ಎರಡು ತಿಂಗಳಾದ ಮೇಲೆ ಮಾತ್ರೆ ನಿಲ್ಲಿಸಿದ್ದಾರೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಮಾತ್ರೆ ತೆಗೆದುಕೊಳ್ಳಬೇಕು. ಮಧ್ಯೆ ಬಿಟ್ಟರೆ ಔಷಧಕ್ಕೆ ಬಗ್ಗದ ಕ್ಷಯ ಬರುವ ಅಪಾಯವಿದೆ.

"ಯಾಕ್ರೀ ಮಾತ್ರೆ ಬಿಟ್ರಿ? ಜವಾಬ್ದಾರಿ ಬೇಡ್ವಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಮರ್ತೋಯ್ತು ಮೇಡಂ." ಫೈಲಿನಲ್ಲಿ 'ರೋಗಿಯ ನಿರ್ಲಕ್ಷ್ಯ' ಎಂದು ಬರೆದು ಮುಗಿಸಬಹುದು.

ತರಬೇತಿ ಪಡೆದವರು ಬೇರೆ ಥರ ಕೇಳುತ್ತಾರೆ: "ಅಣ್ಣಾ, ಬೆಳಿಗ್ಗೆ ಎದ್ದಾಗಿನಿಂದ ನಿಮ್ಮ ದಿನ ಹೇಗೆ ಹೋಗುತ್ತೆ, ಸ್ವಲ್ಪ ಹೇಳಿ." ಹೌದು, ಇಲ್ಲ ಎಂದು ಮುಗಿಸಲಾಗದ ಇಂಥ ಪ್ರಶ್ನೆಗೆ ತೆರೆದ ಪ್ರಶ್ನೆ ಎನ್ನುತ್ತಾರೆ. ಆಗ ಒಂದೊಂದೇ ವಿಷಯ ಹೊರಬರುತ್ತದೆ. ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಕೆಲಸಕ್ಕೆ ಹೊರಟರೆ ವಾಂತಿ ಬಂದ ಹಾಗಾಗುತ್ತದೆ. ಮೂತ್ರ ಕೆಂಪಗೆ ಹೋಗುವುದು ನೋಡಿ ಕಿಡ್ನಿ ಹಾಳಾಯಿತೆಂದು ಹೆದರಿದ್ದಾರೆ. ಜೊತೆಗೆ, ರೂಮಿನವರಿಗೆ ಗೊತ್ತಾದರೆ ಹೊರಗೆ ಹಾಕುತ್ತಾರೆಂದು ಮಾತ್ರೆಯ ಪೊಟ್ಟಣ ಬಚ್ಚಿಡುತ್ತಿದ್ದಾರೆ.

ಕಾರಣ ಮೂರು, ಪರಿಹಾರವೂ ಮೂರು. ವಾಂತಿಯ ವಿಷಯ ವೈದ್ಯರಿಗೆ ಹೇಳಿ ಮಾತ್ರೆಯ ಹೊತ್ತಿನ ಬಗ್ಗೆ ಸಲಹೆ ಪಡೆಯಬೇಕು. ರಿಫಾಂಪಿಸಿನ್ ಎಂಬ ಕ್ಷಯದ ಔಷಧದಿಂದ ಮೂತ್ರಕ್ಕೆ ಕೆಂಪು-ಕಿತ್ತಳೆ ಬಣ್ಣ ಬರುತ್ತದೆ, ಅದರಿಂದ ಅಪಾಯವಿಲ್ಲ ಎಂದು ತಿಳಿಸಬೇಕು. ರೂಮಿನ ಸಮಸ್ಯೆಗೆ ಅವರ ಒಪ್ಪಿಗೆ ಪಡೆದು ದಾರಿ ಹುಡುಕಬೇಕು. "ಮರ್ತೋಯ್ತು" ಎಂಬ ಉತ್ತರ ನಂಬಿದ್ದರೆ ಇವುಗಳಲ್ಲಿ ಒಂದೂ ಆಗುತ್ತಿರಲಿಲ್ಲ.

ಕೇಳಿಸಿಕೊಂಡದ್ದನ್ನು ಸ್ವಂತ ಮಾತಿನಲ್ಲಿ ತಿರುಗಿ ಹೇಳಿ "ನಾನು ಸರಿಯಾಗಿ ಅರ್ಥ ಮಾಡಿಕೊಂಡೆನಾ?" ಎಂದು ಕೇಳುವುದು, ಎದುರಿನವರು ಸುಮ್ಮನಾದಾಗ ಅವಸರದಲ್ಲಿ ಬಾಯಿ ಹಾಕದಿರುವುದು, "ಯಾಕೆ" ಎಂಬ ಪ್ರಶ್ನೆ ಆರೋಪದಂತೆ ಕೇಳಿಸದ ಹಾಗೆ ನೋಡಿಕೊಳ್ಳುವುದು, ಇವೆಲ್ಲ ಇದೇ ಕೌಶಲದ ಭಾಗಗಳು.

ಕಂಡದ್ದು ಬೇರೆ, ಊಹಿಸಿದ್ದು ಬೇರೆ

ಕೇಳಿದ ಮೇಲೆ ಬರೆಯಬೇಕು. ಇಲ್ಲೇ ಹೆಚ್ಚು ಅನಾಹುತ ಆಗುವುದು. ಈ ಎರಡು ವಾಕ್ಯ ನೋಡಿ.

- "ತಾಯಿ ಬೇಜವಾಬ್ದಾರಿ, ಮಗುವನ್ನು ನೋಡಿಕೊಳ್ಳುವುದಿಲ್ಲ."
- "ಬೆಳಿಗ್ಗೆ 11ಕ್ಕೆ ಮನೆಗೆ ಹೋದಾಗ ಮಗು ಒಬ್ಬನೇ ಇದ್ದ. ತಾಯಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಮಧ್ಯಾಹ್ನದ ಊಟ ಡಬ್ಬಿಯಲ್ಲಿತ್ತು."

ಮೊದಲನೆಯದು ಹಣೆಪಟ್ಟಿ. ಎರಡನೆಯದರಲ್ಲಿ ಕಂಡದ್ದು, ಕೇಳಿದ್ದು ಎರಡೂ ಬೇರೆ ಬೇರೆ ಇವೆ. ಮೊದಲನೆಯದನ್ನು ಓದಿದವರಿಗೆ ಮಗುವನ್ನು ತಾಯಿಯಿಂದ ದೂರ ಇಡಬೇಕು ಅನ್ನಿಸಬಹುದು. ಎರಡನೆಯದನ್ನು ಓದಿದವರು "ಹತ್ತಿರದಲ್ಲಿ ಅಂಗನವಾಡಿ ಅಥವಾ ಶಿಶುಪಾಲನಾ ಕೇಂದ್ರ ಇದೆಯೇ?" ಎಂದು ಕೇಳುತ್ತಾರೆ.

ಇದು ಬರೀ ಪಾಠದ ಮಾತಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ರಕ್ಷಣೆ ಬೇಕಾದ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದಾಗ 15 ದಿನದೊಳಗೆ ಸಾಮಾಜಿಕ ತನಿಖೆ ಮುಗಿಯಬೇಕು. ಮಗು ಮನೆಗೆ ಹೋಗಬೇಕೋ ಬಾಲಮಂದಿರದಲ್ಲಿ ಇರಬೇಕೋ ಎಂಬ ನಿರ್ಧಾರದಲ್ಲಿ ಆ ವರದಿಗೆ ದೊಡ್ಡ ಪಾತ್ರವಿದೆ. ಅದರಲ್ಲಿನ ಒಂದು ವಿಶೇಷಣ ಒಂದು ಕುಟುಂಬವನ್ನೇ ಒಡೆಯಬಹುದು.

ಇದಕ್ಕಾಗಿ ಚಿತ್ರ ಬರೆಯುವ ಪದ್ಧತಿಗಳೂ ಇವೆ. ಜೀನೋಗ್ರಾಂ ಎಂದರೆ ಚೌಕ ಗಂಡಸರಿಗೆ, ವೃತ್ತ ಹೆಂಗಸರಿಗೆ ಎಂಬಂಥ ಗುರುತು ಹಾಕಿ, ಮೂರು ತಲೆಮಾರಿನ ಸಂಬಂಧ, ಕಾಯಿಲೆ, ಸಾವು, ಜಗಳಗಳನ್ನು ಒಂದೇ ಹಾಳೆಯಲ್ಲಿ ತೋರಿಸುವುದು. ಇಕೋಮ್ಯಾಪ್ ಅನ್ನು 1975ರಲ್ಲಿ ಆ್ಯನ್ ಹಾರ್ಟ್‌ಮನ್ ರೂಪಿಸಿದರು. ನಡುವೆ ಕುಟುಂಬ, ಸುತ್ತಲೂ ಕೆಲಸ, ಶಾಲೆ, ಆಸ್ಪತ್ರೆ, ನೆಂಟರು, ದೇವಸ್ಥಾನ ಅಥವಾ ಮಸೀದಿ, ಸ್ವಸಹಾಯ ಸಂಘ. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ಹಳಸಿದ ಸಂಬಂಧಕ್ಕೆ ಬೇರೆ ಗೆರೆ. ಕಷ್ಟ ಎಲ್ಲಿದೆ ಎನ್ನುವುದರ ಜೊತೆಗೆ ಆಸರೆ ಎಲ್ಲಿದೆ ಎನ್ನುವುದೂ ಕಾಣುತ್ತದೆ.

ತಪ್ಪು ಕಲ್ಪನೆ 4: "ಆತ್ಮಹತ್ಯೆ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ"

ಇವುಗಳಲ್ಲಿ ಅತ್ಯಂತ ಅಪಾಯಕಾರಿ ಕಲ್ಪನೆ ಇದೇ. ಯಾಕೆಂದರೆ ಇದನ್ನು ನಂಬಿ ಮನೆಯವರೆಲ್ಲ ಸುಮ್ಮನಾಗುತ್ತಾರೆ.

ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆತ್ಮಹತ್ಯೆಯ ಯೋಚನೆಯ ಬಗ್ಗೆ ನೇರ ಪ್ರಶ್ನೆ ಕೇಳಿದರು, ಇನ್ನೊಂದು ಗುಂಪಿಗೆ ಕೇಳಲಿಲ್ಲ. ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಅಂಥ ಯೋಚನೆಯಾಗಲಿ ಹೆಚ್ಚಲಿಲ್ಲ. 2014ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಪರಿಶೀಲಿಸಿದ ಇನ್ನೊಂದು ತಂಡಕ್ಕೂ, ಕೇಳುವುದರಿಂದ ಯೋಚನೆ ಹೆಚ್ಚುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಅದಕ್ಕೇ ಸಮಾಜ ಕಾರ್ಯಕರ್ತರು ಸುತ್ತಿ ಬಳಸದೆ, ಮೆತ್ತಗೆ, ನೇರವಾಗಿ ಕೇಳುವುದನ್ನು ಅಭ್ಯಾಸ ಮಾಡುತ್ತಾರೆ: "ಇಷ್ಟು ಕಷ್ಟದಲ್ಲಿ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತೆ. ನಿಮಗೂ ಹಾಗೆ ಅನ್ನಿಸಿದೆಯಾ?" ಉತ್ತರ ಹೌದು ಎಂದಾದರೆ ಬೈಯುವುದಿಲ್ಲ. "ಮಕ್ಕಳ ಮುಖ ನೋಡಬಾರದೇ" ಎಂದು ತಪ್ಪಿತಸ್ಥರನ್ನಾಗಿಸುವುದಿಲ್ಲ. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡುವುದೂ ಇಲ್ಲ. ಜೀವಕ್ಕೆ ಅಪಾಯವಿದ್ದಾಗ ಗುಟ್ಟು ಕಾಯುವ ನಿಯಮಕ್ಕೂ ಮಿತಿಯಿದೆ, ಅದನ್ನು ಮೊದಲೇ ತಿಳಿಸುತ್ತಾರೆ. ಅಪಾಯ ಹತ್ತಿರವಿದ್ದರೆ ಒಬ್ಬರನ್ನೇ ಬಿಡದೆ ವೈದ್ಯರ ಬಳಿಗೆ ತಲುಪಿಸುತ್ತಾರೆ.

ಈ ಪ್ರಶ್ನೆ ಕೇಳಲು ನಿಮಗೆ ಡಿಗ್ರಿ ಬೇಕಿಲ್ಲ. ಗೆಳೆಯ, ಅತ್ತಿಗೆ, ಪಕ್ಕದ ಮನೆಯ ಅಜ್ಜ, ಯಾರೇ ಆಗಲಿ, ಅನುಮಾನ ಬಂದರೆ ಕೇಳಿ. ನಂತರ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ತಕ್ಷಣದ ಅಪಾಯವಿದ್ದರೆ 112. ಮಕ್ಕಳ ವಿಷಯಕ್ಕೆ 1098.

ಇದನ್ನು ಕಲಿಸಲು ಸಾಧ್ಯವೇ?

ಸಾಧ್ಯ, ಆದರೆ ಪುಸ್ತಕ ಓದಿದರೆ ಬರುವುದಿಲ್ಲ. ತರಗತಿಯಲ್ಲಿ ಒಬ್ಬರು ರೋಗಿಯಾಗಿ, ಇನ್ನೊಬ್ಬರು ಕಾರ್ಯಕರ್ತರಾಗಿ ಅಭಿನಯಿಸುತ್ತಾರೆ. ಕ್ಷೇತ್ರಕಾರ್ಯಕ್ಕೆ ಆಸ್ಪತ್ರೆ, ಶಾಲೆ, ಕೊಳೆಗೇರಿಗಳಿಗೆ ಹೋಗುತ್ತಾರೆ. ಬಂದ ಮೇಲೆ ಯಾರು ಏನು ಹೇಳಿದರು, ಆಗ ನನಗೆ ಏನನ್ನಿಸಿತು ಎಂದು ವಿವರವಾಗಿ ಬರೆಯುತ್ತಾರೆ. ಅದನ್ನು ಓದಿದ ಮೇಲ್ವಿಚಾರಕರು "ಇಲ್ಲಿ ಅವರ ಮಾತನ್ನು ಯಾಕೆ ತುಂಡರಿಸಿದೆ?" ಎಂದು ಗುರುತು ಹಾಕುತ್ತಾರೆ. ಜಾತಿ, ಭಾಷೆ, ಬಟ್ಟೆ ನೋಡಿ ತನ್ನಲ್ಲಿ ಹುಟ್ಟಿದ ಪೂರ್ವಗ್ರಹ ಹೊರಬೀಳುವುದು ಸಾಮಾನ್ಯವಾಗಿ ಈ ಬರಹದಲ್ಲೇ. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಕೊಡುವ ಸಂವಹನ ತರಬೇತಿಯ ಬಗ್ಗೆ 2023ರಲ್ಲಿ ಬಂದ ಸಮೀಕ್ಷೆಯೊಂದು ತರಬೇತಿಯಿಂದ ಪ್ರಯೋಜನ ಕಾಣುತ್ತದೆ ಎಂದಿತು. ಆದರೆ ಅಧ್ಯಯನಗಳು ಕಡಿಮೆ, ಇನ್ನೂ ಗಟ್ಟಿ ಸಾಕ್ಷ್ಯ ಬೇಕು ಎಂದೂ ಹೇಳಿತು. ಇನ್ನೊಂದು ಮಾತೂ ನಿಜ: ಎಷ್ಟೇ ಕಲಿತಿದ್ದರೂ ಹೊರಗೆ ನೂರು ಜನರ ಸರತಿ ಇದ್ದರೆ ಸಾವಧಾನವಾಗಿ ಕೇಳಲು ಆಗುವುದಿಲ್ಲ. ಕೌಶಲದ ಜೊತೆ ಸಮಯವೂ ಬೇಕು.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

- ದೇಹಭಾಷೆ ಶೇ. 93 ಎಂಬ ಲೆಕ್ಕ ಎಲ್ಲ ಮಾತುಕತೆಗೂ ಅನ್ವಯಿಸುವುದಿಲ್ಲ.
- ಕಣ್ಣು ತಪ್ಪಿಸುವುದು ಸುಳ್ಳಿನ ಪುರಾವೆ ಅಲ್ಲ.
- ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ಬೆರೆಸಬೇಡಿ.
- ಸಾಯುವ ಯೋಚನೆಯ ಬಗ್ಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿ, ಜೊತೆಗಿರಿ, 14416ಕ್ಕೆ ಕರೆ ಮಾಡಿ.

ದೇಹಭಾಷೆಯ ಫಾರ್ವರ್ಡ್ ಮತ್ತೆ ಬಂದರೆ ಅದರ ಕೆಳಗೆ ಈ ನಾಲ್ಕು ಸಾಲು ಹಾಕಿ. ಗ್ರೂಪಿನಲ್ಲಿ ಯಾರಿಗೋ ಕೊನೆಯ ಸಾಲು ಬೇಕಾಗಿರಬಹುದು.