ಹಿತ್ತಲ ಗಿಡವೂ ಮದ್ದೇ, ಆದರೆ ಕಾಡಿನ ಬೆಲೆಗಲ್ಲ

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮಲೆನಾಡಿನ ಊರಕೋಳಿಗಳ ಮಟ್ಟಿಗೆ ಎಂದೂ ನಿಜವಾಗಿರಲಿಲ್ಲ. ಬೆಳಿಗ್ಗೆ ಒಡ್ಡಿಯಿಂದ ಹೊರಬಿದ್ದ ಕೋಳಿ ಸಂಜೆಯವರೆಗೆ ತರಗೆಲೆ ಕೆದರಿ ಹುಳು ಹೆಕ್ಕುತ್ತದೆ, ಬೇಲಿಯಂಚಿನ ಎಳೆಚಿಗುರನ್ನು ಕುಕ್ಕುತ್ತದೆ, ತನಗೆ ಬೇಕಾದ ಹಸಿರನ್ನು ತಾನೇ ಆರಿಸಿಕೊಳ್ಳುತ್ತದೆ. ಅದರ ಮೊಟ್ಟೆಯ ಹಳದಿ ಗಾಢವಾಗಿರುವುದಕ್ಕೆ ಸೊಪ್ಪಿನಲ್ಲಿರುವ ಲ್ಯೂಟಿನ್‌ನಂತಹ ವರ್ಣದ್ರವ್ಯಗಳೇ ಮುಖ್ಯ ಕಾರಣ.

ಈಗ ಅದೇ ಸೊಪ್ಪು ಬೇರೆ ರೂಪದಲ್ಲಿ, ಬೇರೆ ಬೆಲೆಯಲ್ಲಿ ಹಳ್ಳಿಗೆ ಮರಳುತ್ತಿದೆ. ಸಸ್ಯಸಾರ, ಗಿಡಮೂಲಿಕೆಯ ಟಾನಿಕ್, ನೈಸರ್ಗಿಕ ಪೂರಕ ಮುಂತಾದ ಹೆಸರುಗಳಲ್ಲಿ ಡಬ್ಬಿಗಳೂ ಚೀಲಗಳೂ ಕೋಳಿ ಆಹಾರದ ಅಂಗಡಿಗಳನ್ನು ತುಂಬುತ್ತಿವೆ. ಔಷಧ ಬೆರೆತ ಮೇವಿಗೆ ಸೊಪ್ಪು ಪರ್ಯಾಯವಾಗುವುದಾದರೆ ಪರಿಸರದ ಕಾಳಜಿಯುಳ್ಳವರು ಅದನ್ನು ಸ್ವಾಗತಿಸಲೇಬೇಕು. ಆದರೆ ಆ ಸೊಪ್ಪು ಎಲ್ಲಿಂದ ಬಂತು, ಎಷ್ಟು ಬೆರೆಯಿತು, ಯಾರಿಗೆ ಲಾಭ ತಂದಿತು ಎಂಬ ಪ್ರಶ್ನೆಗಳನ್ನು ಕೇಳದೆ ಸ್ವಾಗತಿಸುವುದು ವಿವೇಕವಾಗದು.

ಸಮಸ್ಯೆಯ ಬೇರು ಹಳೆಯದು. 1948ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಬಿ12 ಜೀವಸತ್ವದ ಅಗ್ಗದ ಮೂಲವನ್ನು ಹುಡುಕುತ್ತಿದ್ದರು. ಆರಿಯೋಮೈಸಿನ್ ತಯಾರಿಕೆಯಲ್ಲಿ ಉಳಿದ ಚರಟವನ್ನು ಕೋಳಿಮರಿಗಳ ಆಹಾರಕ್ಕೆ ಬೆರೆಸಿದಾಗ ಮರಿಗಳು ನಿರೀಕ್ಷೆ ಮೀರಿ ಬೆಳೆದವು. ಅಲ್ಲಿಂದ ಮುಂದೆ ಆ್ಯಂಟಿಬಯಾಟಿಕ್ ಎಂಬುದು ರೋಗಕ್ಕೆ ಕೊಡುವ ಔಷಧವಾಗಿ ಉಳಿಯದೆ, ತೂಕ ಹೆಚ್ಚಿಸುವ ಮೇವಿನ ಅಂಗವಾಗಿಹೋಯಿತು. ದಿನವೂ ಅಲ್ಪಪ್ರಮಾಣದಲ್ಲಿ ಔಷಧ ತಿನ್ನುವ ಕೋಳಿಯ ಕರುಳಿನಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದು ಬೆಳೆಯುತ್ತವೆ. ಮಾಂಸ, ಕೆಲಸಗಾರರ ಕೈ, ಗೊಬ್ಬರ, ನೀರು ಇವುಗಳ ಮೂಲಕ ಅವು ಮನುಷ್ಯರನ್ನೂ ತಲುಪುತ್ತವೆ.

ಸ್ವೀಡನ್ 1986ರಲ್ಲೇ ಈ ಪದ್ಧತಿಯನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2006ರ ಜನವರಿಯಿಂದ ಬೆಳವಣಿಗೆಗಾಗಿ ಮೇವಿಗೆ ಆ್ಯಂಟಿಬಯಾಟಿಕ್ ಬೆರೆಸುವುದನ್ನು ಪೂರ್ಣವಾಗಿ ನಿಲ್ಲಿಸಿತು. ಭಾರತದಲ್ಲಿ ಕೋಳಿ ಆಹಾರಕ್ಕೆ 2007ರಲ್ಲಿ ರೂಪಿಸಿದ ಮಾನಕವು ಇಂತಹ ಬಳಕೆ ಬೇಡವೆಂದು ಹೇಳಿತಾದರೂ ಅದು ಸಲಹೆಯಾಗಿತ್ತೇ ಹೊರತು ಕಡ್ಡಾಯವಾಗಿರಲಿಲ್ಲ. ಸಲಹೆಯ ಗತಿ ಏನಾಯಿತೆಂಬುದನ್ನು 2014ರಲ್ಲಿ ವಿಜ್ಞಾನ ಮತ್ತು ಪರಿಸರ ಕೇಂದ್ರ ತೋರಿಸಿಕೊಟ್ಟಿತು. ದೆಹಲಿ ಮತ್ತು ಸುತ್ತಲಿನ ಮಾರುಕಟ್ಟೆಗಳಿಂದ ತಂದ 70 ಕೋಳಿಮಾಂಸದ ಮಾದರಿಗಳಲ್ಲಿ ಶೇಕಡಾ 40ರಲ್ಲಿ ಆ್ಯಂಟಿಬಯಾಟಿಕ್ ಉಳಿಕೆಗಳು ಕಂಡವು. 2017ರಲ್ಲಿ ಅದೇ ಸಂಸ್ಥೆ ಉತ್ತರ ಭಾರತದ ನಾಲ್ಕು ರಾಜ್ಯಗಳ 12 ಫಾರಂಗಳಲ್ಲಿ ನಡೆಸಿದ ಅಧ್ಯಯನ, ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಕೋಳಿಗೊಬ್ಬರದಲ್ಲಿವೆಯೆಂದೂ ಅವು ಫಾರಂನ ಹೊರಗಿನ ಹೊಲಗಳನ್ನು ಸೇರುತ್ತಿವೆಯೆಂದೂ ಎಚ್ಚರಿಸಿತು. ಶುಂಠಿಗೂ ಅಡಿಕೆ ತೋಟಕ್ಕೂ ಲಾರಿಗಟ್ಟಲೆ ಕೋಳಿಗೊಬ್ಬರ ತರಿಸುವ ಘಟ್ಟದ ರೈತರಿಗೆ ಇದು ದೂರದ ದೆಹಲಿಯ ಸುದ್ದಿಯಲ್ಲ. ಇಲ್ಲಿ ಸುರಿದ ಗೊಬ್ಬರವನ್ನು ಮಳೆ ಕೊಚ್ಚಿ ಒಯ್ಯುವುದು ಹಳ್ಳಕ್ಕೆ, ಹಳ್ಳ ಸೇರುವುದು ಹೊಳೆಗೆ. ಮನುಷ್ಯರ ಚಿಕಿತ್ಸೆಯಲ್ಲಿ ಕೊನೆಯ ಆಸರೆಯೆನಿಸಿದ ಕೊಲಿಸ್ಟಿನ್ ಔಷಧವನ್ನು ಕೋಳಿ, ಮೀನು ಮತ್ತು ಜಾನುವಾರುಗಳಿಗೆ ಬಳಸದಂತೆ ಕೇಂದ್ರ ಸರ್ಕಾರ ನಿಷೇಧ ಹೊರಡಿಸಿದ್ದು 2019ರ ಜುಲೈನಲ್ಲಿ ಮಾತ್ರ.

ಈ ಹಿನ್ನೆಲೆಯಲ್ಲಿ ಸೊಪ್ಪಿನತ್ತ ಹೊರಳಿರುವ ಗಮನಕ್ಕೆ ಬಲವಾದ ಆಧಾರಗಳಿವೆ. ನಿಷೇಧದ ಕಾಲದಲ್ಲಿ ಯುರೋಪಿನ ಕೋಳಿ ಉದ್ಯಮ ಆಶ್ರಯಿಸಿದ ಸಸ್ಯಮೂಲಗಳಲ್ಲಿ ಒರೆಗಾನೊ ಎಂಬ ಗಿಡದ ತೈಲ ಪ್ರಮುಖವಾದುದು. ಅದರ ಶಕ್ತಿ ಇರುವುದು ಕಾರ್ವಕ್ರಾಲ್ ಮತ್ತು ಥೈಮಾಲ್ ಎಂಬ ಘಟಕಗಳಲ್ಲಿ. ಇವು ಬ್ಯಾಕ್ಟೀರಿಯಾಗಳ ಹೊರಪೊರೆಯನ್ನು ಭೇದಿಸಿ ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಕೆಮ್ಮು ನೆಗಡಿಗೆ ಮಲೆನಾಡಿನ ತಾಯಂದಿರು ಬಾಡಿಸಿ ರಸ ಹಿಂಡುವ, ತಂಬುಳಿಗೆ ಅರೆಯುವ ದೊಡ್ಡಪತ್ರೆಯ ಘಾಟಿಗೂ ಇವೇ ಘಟಕಗಳು ಕಾರಣ. ಕಡಲಾಚೆಯಿಂದ ಡಬ್ಬಿಯಲ್ಲಿ ಬರುವುದು ಬಚ್ಚಲ ಮನೆಯ ಹಿಂದೆ ಕಡ್ಡಿ ಊರಿದರೆ ಬೆಳೆಯುತ್ತದೆ.

ನುಗ್ಗೆಯ ಒಣ ಸೊಪ್ಪಿನಲ್ಲಿ ಸುಮಾರು ಕಾಲುಭಾಗ ಸಸಾರಜನಕವಿದೆ, ಜೊತೆಗೆ ಸುಣ್ಣದ ಅಂಶ, ಕಬ್ಬಿಣ ಮತ್ತು ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಇವೆ. ಬೇಲಿಸಾಲಿನ ಚಕ್ರಮುನಿ ಸೊಪ್ಪು ಇಂಡೋನೇಷ್ಯಾದಲ್ಲಿ ಕಟುಕ್ ಎಂಬ ಹೆಸರಿನಲ್ಲಿ ಮನೆಮಾತು. ಅದರ ಸಾರವನ್ನು ಅಲ್ಲಿನ ಸಂಶೋಧಕರು ಕೋಳಿಗಳ ಆಹಾರದಲ್ಲಿ ಪರೀಕ್ಷಿಸಿದ್ದಾರೆ. ಹಸುಗಳ ಕೆಚ್ಚಲುಬಾವಿಗೆ ಲೋಳೆಸರ, ಅರಿಶಿನ, ಸುಣ್ಣಗಳ ಲೇಪವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡುತ್ತಿರುವಾಗ, ಕೋಳಿಗೆ ಸೊಪ್ಪಿನ ಮದ್ದನ್ನು ಅಜ್ಜಿಯ ಕತೆಯೆಂದು ತಳ್ಳಿಹಾಕುವ ಕಾಲ ಮುಗಿದಿದೆ.

ಆದರೆ ನೈಸರ್ಗಿಕವಾದುದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಅಷ್ಟೇ ಅಪಾಯಕಾರಿ. ಕೋಳಿ ಮೆಲುಕು ಹಾಕುವ ಪ್ರಾಣಿಯಲ್ಲ. ನಾರನ್ನು ಅರಗಿಸುವ ಶಕ್ತಿ ಅದಕ್ಕೆ ಕಡಿಮೆ. ನುಗ್ಗೆಸೊಪ್ಪಿನ ಪುಡಿ ಒಟ್ಟು ಆಹಾರದ ಶೇಕಡಾ 5ರ ಆಸುಪಾಸಿನಲ್ಲಿದ್ದರೆ ಹಿತ, ಶೇಕಡಾ 10 ದಾಟಿದರೆ ಬೆಳವಣಿಗೆ ಕುಗ್ಗುವ ಸಂಭವವೇ ಹೆಚ್ಚು. ದನಕರುಗಳಿಗೆ ಕೊಡುವ ಸುಬಾಬುಲ್ ಸೊಪ್ಪಿನಲ್ಲಿರುವ ಮಿಮೋಸಿನ್ ಎಂಬ ವಿಷಾಂಶ ಕೋಳಿಗಳನ್ನು ಬಾಧಿಸುತ್ತದೆ. ಪಲ್ಯ ಮಾಡಿ ತಿಂದರೆ ತೊಂದರೆಯಿಲ್ಲದ ಚಕ್ರಮುನಿಯ ಹಸಿರಸವನ್ನು ಮೈ ಇಳಿಸಲೆಂದು ದಿನವೂ ಕುಡಿದ ಅನೇಕರು 1990ರ ದಶಕದ ಮಧ್ಯಭಾಗದಲ್ಲಿ ತೈವಾನಿನಲ್ಲಿ ಗಂಭೀರ ಶ್ವಾಸಕೋಶ ರೋಗಕ್ಕೆ ತುತ್ತಾದರು. ಸೊಪ್ಪು ಬೇರೆ, ಸಾಂದ್ರಗೊಳಿಸಿದ ಸಾರ ಬೇರೆ. ನೀರಿನಲ್ಲಿ ಕುದಿಸಿದಾಗ ಇಳಿಯುವ ಅಂಶ ಒಂದು, ರಾಸಾಯನಿಕ ದ್ರಾವಕ ಹೀರಿ ತೆಗೆಯುವ ಅಂಶ ಮತ್ತೊಂದು.

ಮಲೆನಾಡಿಗೆ ಇನ್ನೊಂದು ಎಚ್ಚರವೂ ಅಗತ್ಯ. ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಸೊಪ್ಪು ಒಣಗಿಸಲು ಹೊರಟರೆ ಬೂಷ್ಟು ಹಿಡಿಯುವುದು ಖಚಿತ, ಬೂಷ್ಟಿನ ವಿಷ ಕೋಳಿಯ ಯಕೃತ್ತಿಗೆ ಮಾರಕ. ಮಳೆಗಾಲದಲ್ಲಿ ಹಸಿಸೊಪ್ಪನ್ನೇ ಹೆಚ್ಚಿ ಕೊಡುವುದು, ಬೇಸಿಗೆಯಲ್ಲಿ ನೆರಳಿನಲ್ಲಿ ಒಣಗಿಸಿಡುವುದು ಕ್ಷೇಮ. ಕೊಕ್ಕರೆ ರೋಗಕ್ಕಂತೂ ಯಾವ ಸೊಪ್ಪೂ ಲಸಿಕೆಗೆ ಬದಲಿಯಲ್ಲ. ಕಷಾಯವನ್ನು ನಂಬಿ ಲಸಿಕೆ ತಪ್ಪಿಸಿದರೆ ಒಂದೇ ವಾರದಲ್ಲಿ ಒಡ್ಡಿ ಬರಿದಾದೀತು.

ಸೊಪ್ಪಿಗೆ ಮೀರಿದ ಹೊಣೆಯನ್ನು ಅದರ ಮೇಲೆ ಹೊರಿಸುವುದು ಉದ್ಯಮಕ್ಕೆ ಅನುಕೂಲಕರ. ಡೆನ್ಮಾರ್ಕಿನ ಮಾಂಸದ ಕೋಳಿ ಸಾಕಣೆದಾರರು 1998ರಲ್ಲಿ ಬೆಳವಣಿಗೆಯ ಔಷಧಗಳನ್ನು ಕೈಬಿಟ್ಟರು. ಇದರಿಂದ ಕೋಳಿಗಳ ಸಾವು ಗಮನಾರ್ಹವಾಗಿ ಹೆಚ್ಚಲಿಲ್ಲವೆಂದು 2003ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪರಿಶೀಲನೆ ತಿಳಿಸಿತು. ಶುಚಿತ್ವ, ಗಾಳಿ ಬೆಳಕು, ಜಾಗ ಇವು ಸರಿಯಿದ್ದಲ್ಲಿ ದಿನನಿತ್ಯದ ಔಷಧ ಬೇಕಾಗಲಿಲ್ಲ ಎಂಬುದೇ ಇದರ ಪಾಠ. ಉಸಿರುಗಟ್ಟುವ ಶೆಡ್ಡಿನಲ್ಲಿ ಸಾವಿರಾರು ಕೋಳಿಗಳನ್ನು ತುಂಬಿ, ಆರೇಳು ವಾರಗಳೊಳಗೆ ಕೊಯ್ಲಿಗೆ ತರುವ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡು, ಆ್ಯಂಟಿಬಯಾಟಿಕ್ ಡಬ್ಬಿಯ ಜಾಗದಲ್ಲಿ ಗಿಡಮೂಲಿಕೆಯ ಡಬ್ಬಿ ಇಟ್ಟರೆ ಬದಲಾಗುವುದು ಚೀಟಿ ಮಾತ್ರ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧ ಎಲ್ಲವೂ ಕಂಪನಿಯದು. ಶೆಡ್ಡು, ದುಡಿಮೆ, ವಿದ್ಯುತ್ ಬಿಲ್ಲು ರೈತನದು. ತನ್ನ ಕೋಳಿ ಏನು ತಿನ್ನುತ್ತಿದೆ ಎಂದು ತಿಳಿಯುವ ಅಧಿಕಾರವೂ ಇಲ್ಲದ ಆತನಿಗೆ ಸೊಪ್ಪಿನ ಗುಣಗಾನ ಮಾಡಿ ಫಲವಿಲ್ಲ.

ಎಲ್ಲಕ್ಕಿಂತ ಮಿಗಿಲಾದ ಆತಂಕ ಕಾಡಿನದು. ಕೋಳಿಗಳಿಗೆಂದು ಮಾರುವ ಯಕೃತ್ ಟಾನಿಕ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ನೆಲಬೇವು ಮತ್ತು ನೆಲನೆಲ್ಲಿ. ಇವೆರಡೂ ಪುಟ್ಟ ಗಿಡಗಳು. ಬೇರುಸಹಿತ ಕಿತ್ತು ಒಣಗಿಸಿ ಮಾರುವುದೇ ರೂಢಿ. ಹೂಬಿಡುವ ಹೊತ್ತಿಗೇ ಕಿತ್ತರೆ ಬೀಜ ನೆಲಕ್ಕೆ ಬೀಳುವುದಿಲ್ಲ, ಮರುವರ್ಷ ಗಿಡ ಏಳುವುದಿಲ್ಲ. ದೇಶದಲ್ಲಿ 960 ಔಷಧಿಸಸ್ಯ ಪ್ರಭೇದಗಳು ವ್ಯಾಪಾರದಲ್ಲಿವೆಯೆಂದೂ, ಅವುಗಳಲ್ಲಿ 178 ಪ್ರಭೇದಗಳು ವರ್ಷಕ್ಕೆ 100 ಟನ್ನಿಗೂ ಮೀರಿ ಬಳಕೆಯಾಗುತ್ತಿವೆಯೆಂದೂ 2008ರಲ್ಲಿ ಪ್ರಕಟವಾದ ವೇದ್ ಮತ್ತು ಗೊರಾಯಾ ಅವರ ರಾಷ್ಟ್ರೀಯ ಸಮೀಕ್ಷೆ ಲೆಕ್ಕ ಹಾಕಿತ್ತು. ಮನುಷ್ಯರ ಔಷಧಕ್ಕೇ ಕಾಡು ಇಷ್ಟು ತೆರುತ್ತಿರುವಾಗ, ಕೋಟಿಗಟ್ಟಲೆ ಕೋಳಿಗಳ ಮೇವಿನ ಬೇಡಿಕೆಯೂ ಅದರ ಮೇಲೆ ಬಿದ್ದರೆ ಸೊಪ್ಪಿನ ಬೆಟ್ಟಗಳ ನೆಲಹಸಿರು ಎಷ್ಟು ಕಾಲ ಉಳಿದೀತು? ನದಿಯನ್ನು ಔಷಧದ ವಿಷದಿಂದ ಉಳಿಸಲು ಹೊರಟು ಕಾಡನ್ನು ಬರಿದುಮಾಡುವುದು ಪರಿಸರಸ್ನೇಹಿ ಮಾರ್ಗವೆನಿಸದು.

ಕಾನೂನಿನ ಆಸರೆಯೂ ಸಡಿಲವಾಗಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ದೇಶೀಯ ಕಂಪನಿಗಳೂ ಲಾಭದಲ್ಲಿ ಪಾಲು ಕೊಡಬೇಕೆಂದು 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ತೀರ್ಪಿತ್ತಿತ್ತು. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಗೆ ವಿನಾಯಿತಿ ನೀಡಿತು. ಕೋಳಿಮರಿ ತೂಕಡಿಸಿದರೆ ಯಾವ ಸೊಪ್ಪು ಜಜ್ಜಿ ಕೊಡಬೇಕೆಂಬ ತಿಳಿವಳಿಕೆ ಯಾವ ಗ್ರಂಥದಲ್ಲಿಯೂ ಇಲ್ಲ, ಅದು ಹೆಂಗಸರ ಬಾಯಿಂದ ಬಾಯಿಗೆ ಉಳಿದು ಬಂದದ್ದು. ದಾಖಲೆಯೇ ಇಲ್ಲದ ತಿಳಿವಳಿಕೆಯ ಮೇಲೆ ನಾಳೆ ಹಕ್ಕು ಮಂಡಿಸುವವರು ಯಾರು?

ಆದ್ದರಿಂದ ಮಾಡಬೇಕಾದುದು ಸ್ಪಷ್ಟ. ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಜನತಾ ದಾಖಲಾತಿಯಲ್ಲಿ ಕೋಳಿ ಕುರಿಗಳ ನಾಟಿಮದ್ದಿಗೂ ಒಂದು ಅಧ್ಯಾಯ ಮೀಸಲಿಡಬೇಕು. ಪಶುವೈದ್ಯ ವಿಶ್ವವಿದ್ಯಾಲಯ ಮತ್ತು ಕೃಷಿ ವಿಜ್ಞಾನ ಕೇಂದ್ರಗಳು ಊರಕೋಳಿ, ಗಿರಿರಾಜ ಕೋಳಿಗಳ ಮೇಲೆ ಹಿತ್ತಲ ಸೊಪ್ಪುಗಳನ್ನು ಪರೀಕ್ಷಿಸಿ ಪ್ರಮಾಣವನ್ನು ಕನ್ನಡದಲ್ಲಿ ತಿಳಿಸಬೇಕು. ಗಿಡಮೂಲಿಕೆಯ ಪ್ರತಿ ಚೀಲದ ಮೇಲೆ ಸಸ್ಯದ ಹೆಸರು, ಪ್ರಮಾಣ, ಬೆಳೆಸಿದ್ದೋ ಕಾಡಿನದೋ ಎಂಬ ವಿವರ ಕಡ್ಡಾಯವಾಗಬೇಕು. ಸಸ್ಯಕ್ಷೇತ್ರಗಳು ಅಕೇಶಿಯದ ಜೊತೆಗೆ ನುಗ್ಗೆ, ಚಕ್ರಮುನಿ, ಅಗಸೆ ಗಿಡಗಳನ್ನೂ ಹಂಚಲಿ.

ಸರ್ಕಾರ ಎಚ್ಚೆತ್ತುಕೊಳ್ಳುವವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಹತ್ತು ಕೋಳಿ ಸಾಕುವ ಮನೆಗೆ ಬೇಲಿಸಾಲಿನ ನಾಲ್ಕು ನುಗ್ಗೆ, ಒಂದು ಸಾಲು ಚಕ್ರಮುನಿ, ಬಚ್ಚಲ ಬದಿಯ ಒಂದು ಹಿಡಿ ದೊಡ್ಡಪತ್ರೆ ಸಾಕು. ಈ ಮಳೆಗಾಲದಲ್ಲಿ ಊರಿದ ಕಡ್ಡಿ ಮುಂದಿನ ಬೇಸಿಗೆಗೆ ಸೊಪ್ಪು ಕೊಡುತ್ತದೆ.