ಬೆಳೆಯುವ ಅಳತೆ

ದೀಪಾವಳಿಗೆ ಮಕ್ಕಳ ಬಟ್ಟೆ ಹೊಲಿಸುವಾಗ ನಮ್ಮ ಮನೆಗಳಲ್ಲಿ ದರ್ಜಿಗೆ ಹೇಳುವ ಮಾತು ಒಂದೇ: "ಬೆಳೆಯುವ ಮಗು, ಎರಡು ಅಂಗುಲ ಹೆಚ್ಚಿಗೆ ಬಿಡಪ್ಪ." ಮಧ್ಯಮ ವರ್ಗದ ಅರ್ಥಶಾಸ್ತ್ರವೆಲ್ಲ ಈ ಮಾತಿನಲ್ಲಿ ಅಡಗಿದೆ. ತೋಳು ಮಡಿಸಿಕೊಂಡು ಒಂದು ವರ್ಷ ಕಳೆದರೆ ಎರಡನೆಯ ವರ್ಷಕ್ಕೆ ಅಂಗಿ ಮೈಗೆ ಒಪ್ಪುತ್ತದೆ. ಮೂರನೆಯ ವರ್ಷಕ್ಕೆ ತಮ್ಮನಿಗೆ ಇಳಿಯುತ್ತದೆ. ಈ ನೀತಿಯನ್ನು ನಾನು ಹಳಿಯುವವನಲ್ಲ, ಅದರಲ್ಲಿಯೇ ಬೆಳೆದವನು. ಆದರೆ ಈ ನೀತಿ ಸಲ್ಲದ ವಸ್ತುವೊಂದನ್ನು ಕಳೆದ ತಿಂಗಳು ಕಂಡೆನು. ಅದು ಗಾಲ್ಫ್ ಆಟದ ದಾಂಡು.

ವಾಚಕರು ಹುಬ್ಬೇರಿಸಬಾರದು. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಅಂದು ಅದು ದೊರೆಗಳ ಆಟ, ನಿಜ. ಆದರೆ 2021ರ ಆಗಸ್ಟಿನ ಒಂದು ಶನಿವಾರ, ಟೋಕಿಯೋ ಒಲಿಂಪಿಕ್ಸಿನಲ್ಲಿ, ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಅವರ ದಾಂಡುಗಳ ಚೀಲದೊಡನೆ ಮೈದಾನದುದ್ದಕ್ಕೂ ನಡೆದವರು ಅವರ ತಾಯಿ. ಬೆಳಗಿನ ಕಾಫಿ ಆರಿಹೋದುದನ್ನೂ ಅರಿಯದೆ ಆ ಆಟವನ್ನು ನೋಡುತ್ತ ಕುಳಿತ ಮನೆಗಳಲ್ಲಿ ನನ್ನ ಭಾವಮೈದನ ಮನೆಯೂ ಒಂದು. ಅಂದು ಅವನ ತೊಡೆಯ ಮೇಲಿದ್ದ ಮಗಳಿಗೆ ಈಗ ಹನ್ನೊಂದು ವರ್ಷ. ವಾರದಲ್ಲಿ ಎರಡು ಬೆಳಗು ಅಭ್ಯಾಸದ ಮೈದಾನಕ್ಕೆ ಹೋಗಿ ಚೆಂಡು ಹೊಡೆದು ಬರುತ್ತಾಳೆ.

ಕಳೆದ ತಿಂಗಳು ಭಾವಮೈದನು ನಮ್ಮ ಮನೆಗೆ ಬಂದನು, ಮುಖದಲ್ಲಿ ಚಿಂತೆಯಿತ್ತು.

"ಭಾವ, ಹುಡುಗಿಗೆ ಉತ್ಸಾಹ ಕುಗ್ಗಿದೆ. ಮಣಿಕಟ್ಟು ನೋಯುತ್ತದೆ ಎನ್ನುತ್ತಾಳೆ. ಇನ್ನು ಹೋಗುವುದಿಲ್ಲ ಎನ್ನುತ್ತಾಳೆ. ಒಳ್ಳೆಯ ಹೊಸ ಸೆಟ್ಟು ಕೊಡಿಸಿಬಿಡೋಣವೆಂದಿದ್ದೇನೆ. ದೊಡ್ಡವರ ಅಳತೆಯದನ್ನೇ ತೆಗೆದರೆ ಕಾಲೇಜು ಸೇರುವವರೆಗೂ ಬರುತ್ತದೆ."

ಬೆಲೆ ಕೇಳಿದೆನು. ಒಂದು ಲಕ್ಷಕ್ಕೂ ಮೀರಿತ್ತು. ಹಣ ಎಲ್ಲಿಯದು ಎಂದೆನು. ಸೋರುವ ತಾರಸಿಯ ದುರಸ್ತಿಗೆಂದು ಎತ್ತಿಟ್ಟ ಹಣವಂತೆ.

ಅಡಿಗೆಮನೆಯಿಂದ ನನ್ನಾಕೆ ಅಂದಳು: "ಏನೋ, ನಿಮ್ಮ ಭಾವನವರನ್ನು ಕೇಳುವ ಮುಂಚೆ ನಮ್ಮ ಅಟ್ಟವನ್ನು ಕೇಳು."

ಈ ಮಾತಿನ ಹಿನ್ನೆಲೆಯನ್ನು ವಾಚಕರಿಗೆ ಒಪ್ಪಿಸಿಬಿಡುತ್ತೇನೆ. ಇಪ್ಪತ್ತು ವರ್ಷಗಳ ಹಿಂದೆ, ಕಚೇರಿಯ ಮಿತ್ರರೊಬ್ಬರ ಸಹವಾಸದಿಂದ ನಾನೂ ಈ ಆಟಕ್ಕೆ ಇಳಿದಿದ್ದೆನು. ಅಂಗಡಿಯವನು ತೋರಿಸಿದ ಪೂರ್ಣ ಸೆಟ್ಟನ್ನು ಕಂತಿನ ಮೇಲೆ ಹೊತ್ತು ತಂದೆನು. ಹದಿನಾಲ್ಕು ದಾಂಡುಗಳು. ಅವುಗಳಲ್ಲಿ ಆರನ್ನು ನಾನು ಎಂದೂ ಸರಿಯಾಗಿ ಬಳಸಲಿಲ್ಲ. ಒಂದು ಇಂದಿಗೂ ಅಟ್ಟದ ಜೇಡರಬಲೆ ತೆಗೆಯುವ ಕಾರ್ಯದಲ್ಲಿ ನಿಷ್ಠೆಯಿಂದ ದುಡಿಯುತ್ತಿದೆ.

ಹದಿನಾಲ್ಕು ಎಂಬುದು ನಿಯಮವು ವಿಧಿಸಿದ ಗರಿಷ್ಠ ಮಿತಿಯೇ ಹೊರತು ಕನಿಷ್ಠವಲ್ಲ. ಹಿಂದೆ ಕೆಲವರು ಇಪ್ಪತ್ತಕ್ಕೂ ಹೆಚ್ಚು ದಾಂಡುಗಳನ್ನು ಹೊರಿಸಿಕೊಂಡು ಆಡುತ್ತಿದ್ದುದರಿಂದ 1938ರಲ್ಲಿ ಅಮೆರಿಕದಲ್ಲಿಯೂ, ಮರುವರ್ಷ ಬ್ರಿಟನ್ನಿನಲ್ಲಿಯೂ ಈ ಕಟ್ಟುಪಾಡು ಬಂದಿತು. ಅದಕ್ಕೆ ಮೊದಲೇ, 1916ರಲ್ಲಿ, ಚಿಕ್ ಇವಾನ್ಸ್ ಎಂಬ ಹವ್ಯಾಸಿ ಆಟಗಾರನು ಏಳೇ ದಾಂಡುಗಳಿಂದ ಅಮೆರಿಕದ ಓಪನ್ ಪಂದ್ಯವನ್ನು ಗೆದ್ದನು. ಅಂಗಡಿಯವನು ಈ ಕಥೆಯನ್ನು ಹೇಳುವುದಿಲ್ಲ. ಹೇಳಿದರೆ ಅವನ ವ್ಯಾಪಾರ ನಡೆಯುವುದು ಹೇಗೆ?

ಭಾವಮೈದನು ಓದಿಕೊಂಡೇ ಬಂದಿದ್ದನು. "ಸ್ಪೇನ್ ದೇಶದ ಸೆವೆ ಬ್ಯಾಲೆಸ್ಟೆರೋಸ್ ಬಾಲ್ಯದಲ್ಲಿ ಅಣ್ಣನು ಕೊಟ್ಟ ಒಂದೇ ದಾಂಡಿನಿಂದ ಕಡಲ ದಂಡೆಯ ಮರಳಿನಲ್ಲಿ ಕಲಿತನಂತಲ್ಲ, ಭಾವ? 1979ರಲ್ಲಿ ಬ್ರಿಟಿಷ್ ಓಪನ್ ಗೆದ್ದನು. ಅವನಿಗೆ ಯಾರು ಅಳತೆ ನೋಡಿದರು?"

"ನೀನು ಹೇಳಿದ್ದು ಸರಿ. ಒಂದೇ ದಾಂಡು ಎಂಬುದನ್ನು ಮಾತ್ರ ಮರೆಯಬೇಡ. ಮೇಲಾಗಿ ಅವನಿಗೆ ಇಡೀ ಕಡಲ ದಂಡೆಯೂ ಇಡೀ ದಿನವೂ ಇದ್ದವು. ನಮ್ಮ ಹುಡುಗಿಗೆ ಇರುವುದು ವಾರಕ್ಕೆ ಎರಡು ಬೆಳಗು. ತಪ್ಪನ್ನು ಕಲಿತು ಮತ್ತೆ ಮರೆಯಲು ಅವಳಿಗೆ ವೇಳೆಯೆಲ್ಲಿದೆ?" ಎಂದೆನು.

ಮರುದಿನ ನಾನೂ ಮೈದಾನಕ್ಕೆ ಹೋದೆನು. ಹುಡುಗಿಯ ಕೈಯಲ್ಲಿದ್ದುದು ಅವಳ ತಂದೆಯ ಹಳೆಯ ದಾಂಡು. ಉದ್ದ ಕಡಿಮೆ ಮಾಡಲು ಕಾವನ್ನು ಕತ್ತರಿಸಿ ಹೊಸ ಹಿಡಿ ಹಾಕಿಸಿದ್ದನು. ಅದು ಮಿತವ್ಯಯದ ಉಪಾಯವೆಂದು ಅವನ ಭಾವನೆ. ಆದರೆ ಗುದ್ದಲಿಯ ಕಾವನ್ನು ಕತ್ತರಿಸಿದ ಮಾತ್ರಕ್ಕೆ ಗುದ್ದಲಿಯ ಅಲಗು ಹಗುರವಾದೀತೇ? ಉಕ್ಕಿನ ಕಾವು, ದೊಡ್ಡವರ ತೂಕದ ತಲೆ. ಕತ್ತರಿಸಿದ ಕಾವು ಹಿಂದಿಗಿಂತ ಬಿರುಸಾಗಿ, ಬಾಗುವ ಗುಣವನ್ನೂ ಕಳೆದುಕೊಂಡಿತ್ತು. ಹುಡುಗಿ ಅದನ್ನು ಬೀಸುತ್ತಿರಲಿಲ್ಲ. ಅದೇ ಅವಳನ್ನು ಬೀಸುತ್ತಿತ್ತು. ಭಾರವನ್ನು ತಡೆಯಲು ಮಣಿಕಟ್ಟು ಸೆಣಸುತ್ತಿತ್ತು. ಇದನ್ನೇ ನಾವು ಸೋಮಾರಿತನವೆಂದು ತಿಳಿದಿದ್ದೆವು.

ಅಲ್ಲಿನ ತರಬೇತುದಾರರನ್ನು ಕೇಳಿ, ಮಕ್ಕಳಿಗಾಗಿಯೇ ಮಾಡಿದ ಗ್ರಾಫೈಟ್ ಕಾವಿನ ಒಂದು ದಾಂಡನ್ನು ಎರವಲು ತಂದು ಕೈಗೆ ಕೊಟ್ಟೆನು. ಮೊದಲ ಹೊಡೆತ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದು ಟಕ್ಕೆಂದು ಮೇಲೆದ್ದು, ದಾರಿ ತಪ್ಪದೆ ಹೋಗಿ ಹುಲ್ಲಿನ ಮೇಲೆ ಇಳಿಯಿತು. ಹುಡುಗಿ ನನ್ನತ್ತ ತಿರುಗಿ, "ಮಾವ, ಇದು ನೋಯುವುದಿಲ್ಲ!" ಎಂದಳು. ನಾನು ಭಾವಮೈದನ ಮುಖವನ್ನು ನೋಡಲಿಲ್ಲ. ಆ ಕ್ಷಣದಲ್ಲಿ ನೋಡುವುದು ಉಚಿತವೂ ಆಗಿರಲಿಲ್ಲ.

ದಾಂಡಿನ ಆಯ್ಕೆಯಲ್ಲಿ ಮೊದಲು ನೋಡಬೇಕಾದದ್ದು ಇಂದಿನ ಮೈಯ ಅಳತೆ: ಉದ್ದ, ತೂಕ, ಕಾವಿನ ಬಾಗು. ಚೆಂಡಿಗೆ ಎದುರಾಗಿ ಸಹಜವಾಗಿ ಬಾಗಿ ನಿಂತಾಗ ದಾಂಡಿನ ತಳವು ನೆಲಕ್ಕೆ ಸಮವಾಗಿ ಕೂರಬೇಕು; ತುದಿ ತೀರ ಮೇಲೆದ್ದಿದ್ದರೆ ಅದು ನಮ್ಮ ದಾಂಡಲ್ಲ. ಆಮೇಲೆ ಎಣಿಕೆ. ದಾಂಡುಗಳ ಮುಖ್ಯ ವ್ಯತ್ಯಾಸವೆಲ್ಲ ಕಾವಿನ ಉದ್ದ ಮತ್ತು ಮುಖವು ಹಿಂದಕ್ಕೆ ವಾಲಿದ ಕೋನ. ಅತಿ ದೂರ ಹೊಡೆಯುವ ಡ್ರೈವರಿಗೆ ಸುಮಾರು 10 ಡಿಗ್ರಿ. ಮರಳಿನಿಂದ ಚೆಂಡನ್ನು ಎಬ್ಬಿಸುವ ಸ್ಯಾಂಡ್ ವೆಜ್ಜಿಗೆ ಸುಮಾರು 56. ಇವುಗಳ ನಡುವಿನ ಪ್ರತಿಯೊಂದು ಮೆಟ್ಟಿಲೂ ಹೊಸಬರಿಗೆ ಬೇಕಾಗಿಲ್ಲ. ದೂರಕ್ಕೆ ದಪ್ಪ ತಲೆಯದು ಒಂದು, ಏಳನೆಯ ಮತ್ತು ಒಂಬತ್ತನೆಯ ನಂಬರಿನ ಐರನ್, ಒಂದು ಸ್ಯಾಂಡ್ ವೆಜ್, ಕುಳಿಗೆ ಚೆಂಡು ತಳ್ಳಲು ಒಂದು ಪಟರ್: ಈ ಐದು ಸಾಕು. 72 ಹೊಡೆತಗಳ ಮೈದಾನದಲ್ಲಿ, ಹದಿನೆಂಟು ಕುಳಿಗಳಿಗೆ ಎರಡೆರಡರಂತೆ, 36 ಹೊಡೆತಗಳನ್ನು ಪಟರಿಗೇ ಮೀಸಲಿಟ್ಟು ಲೆಕ್ಕ ಹಾಕುವುದು ವಾಡಿಕೆ. ಆದರೂ ನಾವು ಡ್ರೈವರಿನ ಬೆಲೆಯನ್ನು ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿ, ಪಟರನ್ನು ಕೊಸರಿನಂತೆ ತರುತ್ತೇವೆ.

ಹಳೆಯದನ್ನು ಕೊಳ್ಳಲು ಸಂಕೋಚ ಬೇಡ. ಕಾವನ್ನು ಕಣ್ಣಿನ ನೇರಕ್ಕೆ ಹಿಡಿದು ಡೊಂಕು ಇದೆಯೇ ನೋಡಬೇಕು. ಉಕ್ಕಿನದಾದರೆ ತಗ್ಗು ಬಿದ್ದಿದೆಯೇ, ಗ್ರಾಫೈಟಾದರೆ ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಬೇಕು. ತಲೆ ಅಲುಗಬಾರದು, ಮುಖದ ಮೇಲಿನ ಗೀರುಗಳು ಸವೆದು ನುಣುಪಾಗಿರಬಾರದು. ಹಿಡಿ ಗಡುಸಾಗಿದ್ದರೆ ಅಂಜಬೇಕಾಗಿಲ್ಲ. ಅಲ್ಪ ಖರ್ಚಿನಲ್ಲಿ ಬದಲಾಯಿಸಬಹುದು. ಹೆಸರಾಂತ ಮುದ್ರೆಯ ಹೊಚ್ಚಹೊಸ ಮಾಲನ್ನು ಯಾರಾದರೂ ಕಾಲು ಬೆಲೆಗೆ ಕೊಡಬಂದರೆ ಮಾತ್ರ ನಮಸ್ಕಾರ ಹೇಳಿ ಹೊರಡುವುದು ಮೇಲು. ಈ ಸರಕಿನಲ್ಲಿಯೂ ನಕಲಿಗೆ ಕೊರತೆಯಿಲ್ಲ.

ಕೊನೆಗೆ ಆದದ್ದು ಇಷ್ಟು. ಅದೇ ಮೈದಾನಕ್ಕೆ ಬರುವ ಒಬ್ಬ ಹುಡುಗನು ಎತ್ತರ ಬೆಳೆದು ತನ್ನ ಐದು ದಾಂಡುಗಳನ್ನು ಬಿಟ್ಟಿದ್ದನು. ಅವನ ತಾಯಿ ನ್ಯಾಯವಾದ ಬೆಲೆಗೆ ಚೀಲಸಹಿತ ಕೊಟ್ಟರು. ಸೆಟ್ಟಿಗೆಂದು ಯೋಚಿಸಿದ್ದ ಹಣದಲ್ಲಿ ಕಾಲು ಪಾಲೂ ಖರ್ಚಾಗಲಿಲ್ಲ. ಸ್ವಲ್ಪ ಹಣ ತರಬೇತುದಾರರ ಪಾಠಕ್ಕೆ ಹೋಯಿತು. ಉಳಿದದ್ದು ತಾರಸಿಗೆ ಮರಳಿತು. ಈ ಮಳೆಗಾಲಕ್ಕೆ ಭಾವಮೈದನ ನಡುಮನೆಯಲ್ಲಿ ಬೋಗುಣಿ ಇಡುವ ಕಷ್ಟ ತಪ್ಪಬಹುದು.

ಹೊರಡುವಾಗ ಅವನಿಗೆ ಇನ್ನೂ ಒಂದು ಅನುಮಾನವಿತ್ತು. "ಎರಡು ವರ್ಷಕ್ಕೆ ಇವೂ ಗಿಡ್ಡವಾಗುತ್ತವೆ, ಭಾವ. ಆಗೇನು ಮಾಡುವುದು?"

ಉತ್ತರ ಕೊಟ್ಟವಳು ಹುಡುಗಿ. ಚೀಲವನ್ನು ಹೆಗಲಿಗೇರಿಸುತ್ತ ಅವಳೆಂದಳು: "ನನ್ನ ಹಿಂದೆ ಬರುವವರಿಗೆ ಕೊಟ್ಟರಾಯಿತು, ಅಪ್ಪ. ನನಗೆ ಆ ಅಣ್ಣ ಕೊಟ್ಟನಲ್ಲ, ಹಾಗೆ."

ನೋಡಿದಿರಾ, ತಮ್ಮನಿಗೆ ಅಂಗಿ ಇಳಿಸುವ ನಮ್ಮ ಹಳೆಯ ನೀತಿ ಎಲ್ಲಿಯೂ ಹೋಗಲಿಲ್ಲ. ಎರಡು ಅಂಗುಲ ಹೆಚ್ಚಿಗೆ ಬಿಡುವುದನ್ನು ಮಾತ್ರ ಕೈಬಿಡಬೇಕಾಗಿತ್ತು.